ಓದಿದ ಕತೆ, ಕೂಡಿ ನೋಡಿದ ಸಿನಿಮಾ

ಮೆಚ್ಚಿದ ಕಾದಂಬರಿ ಸಿನಿಮಾ ಆಗಿದ್ದರೆ ಅದನ್ನು ಒಬ್ಬರೇ ಕೂತು ನೋಡಬಾರದು. ಅದೇ ಕಾದಂಬರಿಯನ್ನು ಓದಿ ಮೆಚ್ಚಿದ ಇನ್ನೊಂದು ಜೀವ ಪಕ್ಕದಲ್ಲಿರಬೇಕು. ಓದುವಾಗ ನಮ್ಮನಮ್ಮಷ್ಟಕ್ಕೆ ಕಟ್ಟಿಕೊಂಡ ಊರು, ಮನೆ, ಮುಖಗಳೆಲ್ಲ ಒಳಗೇ ಉಳಿದಿರುತ್ತವೆ. ಯಾರಿಗೂ ಹೇಳಿರುವುದಿಲ್ಲ, ಹೇಳಬೇಕೆಂದು ತೋಚಿಯೂ ಇರುವುದಿಲ್ಲ. ಬೇರೊಬ್ಬರು ಕಟ್ಟಿದ ಊರು ಪರದೆಯ ಮೇಲೆ ಕಂಡಾಗಲೇ "ಅಯ್ಯೋ, ನಾನು ಅಂದುಕೊಂಡಿದ್ದು ಹೀಗಲ್ಲ" ಎಂಬ ಮಾತು ಬಾಯಿಗೆ ಬರುವುದು. "ಮತ್ತೆ ಹೇಗೆ ಅಂದ್ಕೊಂಡಿದ್ದೆ?" ಎಂದು ಕೇಳುವವರು ಪಕ್ಕದಲ್ಲಿದ್ದರೆ ಮಾತಿಗೆ ಮಾತು ಕೂಡಿ ಹನ್ನೆರಡು ಹೊಡೆದದ್ದು ಗೊತ್ತಾಗುವುದಿಲ್ಲ.

ನಮ್ಮ ಮನೆಯಲ್ಲಿ ಶನಿವಾರದ ರಾತ್ರಿಗಳು ಇದಕ್ಕೇ ಮೀಸಲು. ಮಕ್ಕಳು ಓದು, ಕೆಲಸ ಎಂದು ಬೇರೆ ಊರು ಸೇರಿದ ಮೇಲೆ ಶುರುವಾದ ರೂಢಿ. ನಿಯಮ ಒಂದೇ: ಪುಸ್ತಕ ಮೊದಲು, ಸಿನಿಮಾ ಆಮೇಲೆ. ಹಿಂದೆಂದೋ ಓದಿದ್ದರೂ ಆ ವಾರ ಮತ್ತೆ ಓದಬೇಕು. ಮನೆಯಲ್ಲಿರುವುದು ಒಂದೇ ಪ್ರತಿ. ಬುಧವಾರದ ತನಕ ನನ್ನ ಕೈಯಲ್ಲಿ, ಆಮೇಲೆ ನಮ್ಮ ಯಜಮಾನರ ಕೈಯಲ್ಲಿ. ನಾನು ಓದುವುದು ಮಧ್ಯಾಹ್ನ, ಅಡುಗೆಮನೆ ಕೆಲಸ ಮುಗಿದ ಮೇಲೆ, ಹಿತ್ತಿಲ ಮೆಟ್ಟಿಲ ಮೇಲೆ ಕೂತು. ಇವರು ಓದುವುದು ರಾತ್ರಿ, ಕೈಯಲ್ಲಿ ಪೆನ್ಸಿಲ್ ಹಿಡಿದು. ಮನಸ್ಸಿಗೆ ತಾಗಿದ ಕಡೆ ಪುಟದ ಅಂಚಿನಲ್ಲಿ ಸಣ್ಣದೊಂದು ಗೀಟು ಎಳೆಯುತ್ತಾರೆ, ಅಷ್ಟೆ. ಅಕ್ಷರ ಬರೆಯುವುದಿಲ್ಲ. ಆ ಗೀಟುಗಳನ್ನು ನಾನು ಸಿನಿಮಾ ಮುಗಿಯುವ ತನಕ ನೋಡುವುದಿಲ್ಲ. ನೋಡಿದ ಮೇಲೆ ಒಂದೊಂದನ್ನೇ ಹುಡುಕಿ ತೆಗೆಯುವುದು ನನ್ನ ಭಾನುವಾರದ ಸುಖ.

ನನ್ನ ತವರು ತೀರ್ಥಹಳ್ಳಿ ಕಡೆಯ ಹಳ್ಳಿ. ಇವರದು ಚಿತ್ರದುರ್ಗ. ಸಂಸಾರ ಹೂಡಿದ್ದು ಮೈಸೂರಿನಲ್ಲಿ. ಮದುವೆಯಾಗಿ ಬರುವಾಗ ನಾನು ಅಮ್ಮನ ಪುಸ್ತಕಗಳನ್ನು ತಂದೆ: ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ. ಕೆಲವಂತೂ ಪುಸ್ತಕವೇ ಅಲ್ಲ. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಯ ಹಾಳೆಗಳನ್ನು ಅಮ್ಮ ಕತ್ತರಿಸಿ, ಗೋಣಿದಾರದಲ್ಲಿ ಹೊಲಿದು, ಮೇಲೆ ಕ್ಯಾಲೆಂಡರಿನ ರಟ್ಟು ಹಾಕಿದ್ದು. ಇವರ ಟ್ರಂಕಿನಲ್ಲಿ ತ.ರಾ.ಸು., ಅ.ನ.ಕೃ., ಭೈರಪ್ಪ ಇದ್ದರು. ಕಾರಂತರು ಮತ್ತು ತೇಜಸ್ವಿ ಎರಡೂ ಕಡೆಯಿಂದ ಬಂದರು. ಹಾಗಾಗಿ ಶನಿವಾರದ ತಿಂಡಿಯೂ ಕತೆಯ ಸೀಮೆಯನ್ನು ಹಿಡಿದು ನಡೆಯುತ್ತದೆ. ಮಲೆನಾಡಿನ ಕತೆಯಾದರೆ ಹಲಸಿನ ಹಪ್ಪಳ, ಕಷಾಯ. ದುರ್ಗದ ಕತೆಯಾದರೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ.

ಮೊದಮೊದಲು ನೋಡಿದ್ದು 'ಬೆಳ್ಳಿಮೋಡ'. ನನ್ನ ಒತ್ತಾಯಕ್ಕೆ. ಇವರು ಅಲ್ಲಿಯವರೆಗೆ ತ್ರಿವೇಣಿಯವರನ್ನು ಓದಿರಲೇ ಇಲ್ಲ. "ಅವು ಹೆಂಗಸರು ಓದೋ ಪುಸ್ತಕ ಅಂತ ನಮ್ಮ ಮನೇಲಿ ಯಾರೂ ತರ್ತಿರಲಿಲ್ಲ" ಎಂದರು. ಓದತೊಡಗಿದ ಮೇಲೆ ಎರಡು ರಾತ್ರಿ ದೀಪ ಆರಿಸಲಿಲ್ಲ. 1967ರ ಈ ಸಿನಿಮಾ ಕನ್ನಡದಲ್ಲಿ ಪುಟ್ಟಣ್ಣ ಕಣಗಾಲರ ಮೊದಲ ನಿರ್ದೇಶನ. ಇಂದಿರೆಯಾಗಿ ಕಲ್ಪನಾ. ಮರುವರ್ಷ ತ್ರಿವೇಣಿಯವರದೇ 'ಹಣ್ಣೆಲೆ ಚಿಗುರಿದಾಗ', 1971ರಲ್ಲಿ 'ಶರಪಂಜರ', ಎರಡರಲ್ಲೂ ಮತ್ತೆ ಕಲ್ಪನಾ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ. ತನ್ನ ಹೆಣ್ಣುಗಳಿಗೆ ಇಂಥ ಕಣ್ಣು, ಇಂಥ ದನಿ ಸಿಕ್ಕಿದ್ದನ್ನು ಆ ತಾಯಿ ನೋಡಲೇ ಇಲ್ಲವಲ್ಲ ಎಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

'ಶರಪಂಜರ' ನೋಡಿದ ರಾತ್ರಿ ನಮ್ಮ ಓದಿನ ವ್ಯತ್ಯಾಸ ಮೊದಲ ಸಲ ಎದುರಿಗೆ ಬಂದು ನಿಂತಿತು. ಹುಚ್ಚಾಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಮನೆಯವರು, ನೆರೆಯವರು ವಾಸಿಯಾದವಳೆಂದು ನಂಬುವುದೇ ಇಲ್ಲ. ಅವಳು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಕಲ್ಪನಾ ಅದನ್ನು ಅಭಿನಯಿಸುವಾಗ ನನ್ನ ಕಣ್ಣು ಅವಳ ಮೇಲಿಂದ ಕದಲಲಿಲ್ಲ. ಇವರು ನೋಡುತ್ತಿದ್ದದ್ದು ಗಂಡ ಸತೀಶನನ್ನು. "ಇವನು ಕೆಟ್ಟವನಲ್ಲ ಕಣೆ. ಹೆದರಿದವನು. ಹೆದರಿದ ಗಂಡಸು ಎಷ್ಟು ಕೆಟ್ಟದ್ದು ಮಾಡಬಲ್ಲ ನೋಡು" ಎಂದರು. ಅಷ್ಟು ವರ್ಷ ಆ ಕಾದಂಬರಿ ನನ್ನ ಬಳಿ ಇದ್ದರೂ ಸತೀಶನ ಹೆದರಿಕೆಯನ್ನು ನಾನು ಓದಿಯೇ ಇರಲಿಲ್ಲ. ಅವನನ್ನು ಬೈಯುವ ಅವಸರದಲ್ಲಿ ಆ ಪುಟಗಳನ್ನು ದಾಟಿ ಹೋಗಿದ್ದೆ. ಭಾನುವಾರ ತೆರೆದು ನೋಡಿದರೆ ಇವರ ಪೆನ್ಸಿಲ್ ಗೀಟುಗಳೆಲ್ಲ ಅಲ್ಲಿದ್ದವು.

ಇವರ ಸರದಿ ಬಂದಾಗ 'ನಾಗರಹಾವು'. ದುರ್ಗದ ಹುಡುಗನಿಗೆ ಅದು ಬರೀ ಸಿನಿಮಾ ಅಲ್ಲ. ಪರದೆಯ ಮೇಲೆ ಬಂಡೆ ಕಂಡರೆ ಸಾಕು, ಇವರು ಕುರ್ಚಿಯ ತುದಿಗೆ ಬರುತ್ತಾರೆ. "ಅದೇ ನೋಡು ಏಕನಾಥೇಶ್ವರಿ ಗುಡಿಗೆ ಹೋಗೋ ದಾರಿ. ಈ ಕಡೆ ತಿರುಗಿದ್ರೆ ಅಕ್ಕ ತಂಗಿಯರ ಹೊಂಡ" ಎಂದು ಕೈ ಚಾಚಿ ತೋರಿಸುತ್ತಾರೆ. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ 1972ರಲ್ಲಿ ಒಂದೇ ಸಿನಿಮಾ ಮಾಡಿದರು. ವಿಷ್ಣುವರ್ಧನ್ ಆ ಒಂದು ಸಿನಿಮಾದಿಂದ ಮನೆಮಾತಾದರು. ಚಾಮಯ್ಯ ಮೇಷ್ಟರೆಂದರೆ ಅಶ್ವಥ್ ಎಂದು ನಾಡಿಗೆ ನಾಡೇ ಒಪ್ಪಿಕೊಂಡಿತು. ತ.ರಾ.ಸು. ಅವರಿಗೆ ಮಾತ್ರ ಆ ಸಿನಿಮಾ ಸಮಾಧಾನ ಕೊಡಲಿಲ್ಲ ಎಂಬುದು ಕನ್ನಡ ಓದುಗರೆಲ್ಲ ಬಲ್ಲ ಸಂಗತಿ.

ಆ ರಾತ್ರಿ ಇದರ ಮೇಲೇ ನಮ್ಮ ಚರ್ಚೆ. ಬರೆದವರ ನೋವು ದೊಡ್ಡದು ಎಂದು ಇವರು. ರಾಮಾಚಾರಿಯ ಒಳಗಿನ ಕುದಿತವನ್ನು ತ.ರಾ.ಸು. ಪುಟಗಟ್ಟಲೆ ಕಾಯಿಸಿ ಬರೆದಿದ್ದಾರೆ, ಸಿನಿಮಾದಲ್ಲಿ ಅದಕ್ಕೆ ಪುರುಸೊತ್ತಿಲ್ಲ ಎಂಬುದು ಇವರ ದೂರು. ನನಗೆ ಬೇರೆಯೇ ಕಂಡಿತು. ದುರ್ಗವನ್ನು ನಾನು ಮೊದಲು ನೋಡಿದ್ದೇ ಆ ಸಿನಿಮಾದಲ್ಲಿ. ಮಳೆ, ಹಸಿರು, ಪಾಚಿ ಬಿಟ್ಟು ಬೇರೆ ಕಾಣದ ಹುಡುಗಿಗೆ ಆ ಬೋಳು ಬಂಡೆಗಳು, ಅವುಗಳ ನಡುವೆ ಒನಕೆ ಹಿಡಿದು ನಿಂತ ಓಬವ್ವನಾಗಿ ಜಯಂತಿ, ಇವೆಲ್ಲ ಬೇರೊಂದು ಲೋಕವನ್ನೇ ತೆರೆದಿದ್ದವು. ಮುಂದೆ ಆ ಊರಿನ ಸಂಬಂಧ ಬಂದಾಗ ನಾನು ಬೇಗ ಒಪ್ಪಿದ್ದಕ್ಕೆ ಅದೂ ಒಂದು ಕಾರಣ. ಈ ಮಾತನ್ನು ಇವರಿಗೆ ಹೇಳಿದ್ದು ಆ ರಾತ್ರಿಯೇ. ಕೇಳಿ ಇವರು ಬಹಳ ಹೊತ್ತು ನಗುತ್ತಿದ್ದರು. ಮುಂದಿನ ರಜಕ್ಕೆ ನನ್ನನ್ನು ಕೋಟೆಗೆ ಕರೆದೊಯ್ದು, ತಾವು ಆಡಿ ಬೆಳೆದ ಬಂಡೆಗಳನ್ನೆಲ್ಲ ಹೆಸರು ಹಿಡಿದು ತೋರಿಸಿದರು.

'ಸಂಸ್ಕಾರ'ದ ಶನಿವಾರ ಇದಕ್ಕೆಲ್ಲ ಹೊರತು. ಅನಂತಮೂರ್ತಿಯವರ ಕಾದಂಬರಿ ಬಂದದ್ದು 1965ರಲ್ಲಿ, ಪಟ್ಟಾಭಿರಾಮ ರೆಡ್ಡಿಯವರ ಸಿನಿಮಾ 1970ರಲ್ಲಿ. ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಬಿಟ್ಟರು, ಕೊನೆಗೆ ಅದಕ್ಕೇ ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಚಿತ್ರೀಕರಣ ಶೃಂಗೇರಿ ಸಮೀಪದ ವೈಕುಂಠಪುರದಲ್ಲಿ. ನಮ್ಮ ಕಡೆಯದೇ ಸೀಮೆ. ಆ ಮಾಡು, ಆ ಜಗಲಿ, ಅಂಗಳದ ಆ ಮೌನ ನನಗೆ ಹುಟ್ಟಿದಂದಿನಿಂದ ಗೊತ್ತು. ಹೊರನಾಡಿನವರೊಬ್ಬರ ಕಣ್ಣಿಗೆ ಅದು ಅಷ್ಟು ಸರಿಯಾಗಿ ಸಿಕ್ಕಿತಲ್ಲ ಎಂದು ಇವತ್ತಿಗೂ ಬೆರಗು.

ಅಂದು ತಟ್ಟೆಯಲ್ಲಿ ಹಲಸಿನ ಹಪ್ಪಳ ಕರಿದಿಟ್ಟಿದ್ದೆ. ಕತೆ ಗೊತ್ತಿರುವವರಿಗೆ ನೆನಪಿರುತ್ತದೆ: ನಾರಣಪ್ಪನ ಶವ ಅಗ್ರಹಾರದಿಂದ ಎದ್ದು ಹೋಗುವ ತನಕ ಅಲ್ಲಿ ಯಾರೂ ಉಣ್ಣುವಂತಿಲ್ಲ. ಹಸಿದ ಬ್ರಾಹ್ಮಣರು ಜಗಲಿಯಿಂದ ಜಗಲಿಗೆ ಅಲೆಯುತ್ತಿದ್ದಾರೆ, ಹೆಣ ಕೊಳೆಯುತ್ತಿದೆ, ಆಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಿದ್ದಾರೆ. ನಾವು ಇಬ್ಬರೂ ತಟ್ಟೆಗೆ ಕೈ ಹಾಕಲಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ. ಸಿನಿಮಾ ಮುಗಿದ ಮೇಲೆ ನೋಡಿದರೆ ಹಪ್ಪಳ ಹಾಗೇ ಇತ್ತು, ಮೆತ್ತಗಾಗಿ. ಓದುವಾಗ ಆ ಹಸಿವು ನನ್ನ ತಲೆಗೆ ತಿಳಿದಿತ್ತು, ಹೊಟ್ಟೆಗೆ ತಿಳಿದದ್ದು ಆ ರಾತ್ರಿ.

ಇವರು ಮಾತಾಡಿದ್ದೆಲ್ಲ ಪ್ರಾಣೇಶಾಚಾರ್ಯರ ಬಗ್ಗೆ. ಕಾಶಿಯಲ್ಲಿ ಓದಿ ಬಂದ ಪಂಡಿತ, ರೋಗಿಷ್ಠ ಹೆಂಡತಿಯ ಸೇವೆಯನ್ನೇ ತಪಸ್ಸೆಂದುಕೊಂಡವನು, ಒಂದು ರಾತ್ರಿಯಲ್ಲಿ ತನ್ನನ್ನು ತಾನೇ ಗುರುತಿಸಲಾರದ ಹಾಗೆ ಆಗುವುದು, ಆಮೇಲಿನ ಆ ಕೊನೆಯಿಲ್ಲದ ನಡಿಗೆ. ನನ್ನ ಮನಸ್ಸು ಮಾತ್ರ ಚಂದ್ರಿಯ ಸುತ್ತಲೇ ಇತ್ತು. ಶವಸಂಸ್ಕಾರದ ಖರ್ಚಿಗೆಂದು ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿ ಆಚಾರ್ಯರ ಮುಂದಿಟ್ಟವಳು ಅವಳು. ಎಲ್ಲರೂ ಧರ್ಮಶಾಸ್ತ್ರ ಜಿಜ್ಞಾಸೆಯಲ್ಲಿರುವಾಗ ಮುಸಲ್ಮಾನನೊಬ್ಬನ ನೆರವು ಬೇಡಿ, ಕತ್ತಲಲ್ಲಿ ಹೆಣಕ್ಕೆ ಬೆಂಕಿ ಕೊಡಿಸಿದವಳೂ ಅವಳೇ. ಇಡೀ ಅಗ್ರಹಾರದಲ್ಲಿ ಆಗಬೇಕಾದ ಕೆಲಸ ಮಾಡಿದ್ದು ಅವಳೊಬ್ಬಳು. ಸ್ನೇಹಲತಾ ರೆಡ್ಡಿಯವರ ಮುಖದಲ್ಲಿ ಅದಕ್ಕೆ ಬೇಕಾದ ದೃಢತೆ ಇದೆ. ತುರ್ತುಪರಿಸ್ಥಿತಿಯಲ್ಲಿ ಅವರನ್ನು ಬೆಂಗಳೂರಿನ ಜೈಲಿಗೆ ಹಾಕಿದ್ದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಅದು ಗೊತ್ತಿದ್ದು ಆ ಮುಖವನ್ನು ನೋಡುವುದು ಸುಲಭವಲ್ಲ.

ಹಾಳೆಯ ಮೇಲೆ ಎಷ್ಟು ಬರೆದರೂ ಕಿವಿಗೆ ದಕ್ಕದೆ ಉಳಿಯುವ ಸಂಗತಿಗಳಿರುತ್ತವೆ. 'ಚೋಮನ ದುಡಿ'ಯನ್ನು ಓದಿದವರೆಲ್ಲ ದುಡಿಯ ಸದ್ದನ್ನು ಊಹಿಸಿಕೊಂಡೇ ಓದಿರುತ್ತಾರೆ. ಶಿವರಾಮ ಕಾರಂತರು ಅದನ್ನು ಬರೆದದ್ದು 1933ರಲ್ಲಿ. 1975ರಲ್ಲಿ ಬಿ.ವಿ. ಕಾರಂತರ ಸಿನಿಮಾದಲ್ಲಿ ವಾಸುದೇವ ರಾವ್ ಅದನ್ನು ಬಾರಿಸಿದರು. ಸ್ವಂತದ ತುಂಡು ನೆಲ ಉಳಬೇಕೆಂಬ ಆಸೆ ಈಡೇರದ ಮನುಷ್ಯ ದುಡಿಯ ಮೇಲೆ ಕೈ ಬಡಿಯುವಾಗ ನನಗೆ ಎದೆಯೇ ಬಡಿದ ಹಾಗಾಯಿತು. ಇವರಿಗೆ ಹಾಗಾದದ್ದು 'ಹಂಸಗೀತೆ'ಯಲ್ಲಿ. ತ.ರಾ.ಸು. ಭೈರವಿ ವೆಂಕಟಸುಬ್ಬಯ್ಯನ ಸಂಗೀತವನ್ನು ಮಾತಿನಲ್ಲಿ ಎಷ್ಟು ಹೇಳಬಹುದೋ ಅಷ್ಟೂ ಹೇಳಿದ್ದಾರೆ. ಜಿ.ವಿ. ಅಯ್ಯರ್ ಆ ಸಂಗೀತವನ್ನು ಬಾಲಮುರಳಿಕೃಷ್ಣರ ಕೊರಳಿನಿಂದ ಕೇಳಿಸಿದರು. ಪರದೆಯ ಮೇಲೆ ಅನಂತನಾಗ್, ಹಿನ್ನೆಲೆಯಲ್ಲಿ ಆ ಕಂಠ. ಇದೇ ಕಾದಂಬರಿಯನ್ನು ಆಧರಿಸಿ ಹಿಂದಿಯಲ್ಲಿ 1956ರಲ್ಲೇ 'ಬಸಂತ್ ಬಹಾರ್' ಬಂದಿತ್ತು. ಅದರಲ್ಲಿ ಭೀಮಸೇನ ಜೋಶಿಯವರು ಮನ್ನಾ ಡೇ ಜೊತೆ ಹಾಡಿದ್ದಾರೆ. ದುರ್ಗದ ಕತೆ ಎರಡು ಸಂಗೀತ ಪದ್ಧತಿಗಳಲ್ಲೂ ದನಿ ಪಡೆಯಿತು ಎಂದು ಇವರಿಗೆ ಹೇಳಲಾರದಷ್ಟು ಹೆಮ್ಮೆ.

ಗಿರೀಶ ಕಾಸರವಳ್ಳಿಯವರ ಸಿನಿಮಾಗಳನ್ನು ನಾವು ಹಬ್ಬದಡುಗೆಯ ಹಾಗೆ ನಿಧಾನವಾಗಿ, ಬಿಡುವು ಕೊಟ್ಟು ನೋಡುತ್ತೇವೆ. ಕನ್ನಡದ ಕತೆಗಳನ್ನು ಅವರಷ್ಟು ಆಳವಾಗಿ ಓದಿ ಸಿನಿಮಾ ಮಾಡಿದವರು ವಿರಳ. ತೇಜಸ್ವಿಯವರ 'ತಬರನ ಕಥೆ' ಕೆಲವೇ ಪುಟಗಳದ್ದು. ಅದರಿಂದ ಅವರು ಒಂದು ಪೂರ್ತಿ ಬದುಕನ್ನೇ ಕಟ್ಟಿದರು. ತಬರನಾಗಿ ತಮಿಳಿನ ಚಾರುಹಾಸನ್. ಜೀವಮಾನವಿಡೀ ಸರ್ಕಾರಿ ಚಾಕರಿ ಮಾಡಿದ ಮುದುಕ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅತ್ತ ಹೆಂಡತಿ ಅಪ್ಪಿಯ ಕಾಲಿನ ಗಾಯ ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತ ಮೇಲೇರುತ್ತಿದೆ. ಕಾಲು ತೆಗೆಸಲು ದುಡ್ಡಿಲ್ಲದವನು ಕಟುಕನ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಾನೆ. ಆ ರಾತ್ರಿ ನಾವು ಚರ್ಚೆ ಮಾಡಲಿಲ್ಲ. ನನಗೂ ಸಕ್ಕರೆ ಕಾಯಿಲೆ ಶುರುವಾಗಿ ಕೆಲವು ವರ್ಷಗಳಾಗಿವೆ. ಮಾರನೆಯ ದಿನ ಇವರು ಪೇಟೆಗೆ ಹೋಗಿ ನನಗೆಂದು ಮೆತ್ತನೆಯ ಅಟ್ಟೆಯ ಚಪ್ಪಲಿ ತಂದರು. "ಮನೆ ಒಳಗೂ ಹಾಕ್ಕೊಂಡೇ ಓಡಾಡು" ಎಂದರು. ತಬರನ ಹೆಸರನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

'ದ್ವೀಪ'ದ ರಾತ್ರಿ ಮಾತ್ರ ಮಾತು ಮುಗಿಯಲೇ ಇಲ್ಲ. ನಾ. ಡಿಸೋಜ ಶರಾವತಿ ಯೋಜನೆಯಲ್ಲೇ ಕೆಲಸ ಮಾಡಿದವರು. ಮುಳುಗುವ ಊರುಗಳನ್ನು ಹತ್ತಿರದಿಂದ ಕಂಡು ಬರೆದವರು. 2002ರ ಸಿನಿಮಾದಲ್ಲಿ ನಾಗಿಯಾಗಿ ನಟಿಸಿದ ಸೌಂದರ್ಯ ಅದರ ನಿರ್ಮಾಪಕಿಯೂ ಹೌದು. ಅಣೆಕಟ್ಟಿನ ನೀರು ಸುತ್ತ ಏರಿ ಮನೆಯೊಂದು ದ್ವೀಪವಾಗುತ್ತದೆ, ಮೇಲೆ ಬಿಡದೆ ಸುರಿಯುವ ಮಳೆ. ಎಚ್.ಎಂ. ರಾಮಚಂದ್ರರ ಕ್ಯಾಮೆರಾದಲ್ಲಿ ಆ ಮಳೆ ನೋಡಿ ಇವರು ಮೈಮರೆತರು. "ಎಷ್ಟು ಚೆಂದ ಇದೆ ನೋಡೇ!" ಬಯಲುಸೀಮೆಯವರಿಗೆ ಮಳೆಯೆಂದರೆ ಬಾಯಾರಿದ ನೆಲ ತಣಿಯುವುದು. ನನಗೆ ಅದೇ ಹೊತ್ತಿಗೆ ಹೊಟ್ಟೆಯಲ್ಲಿ ನಡುಕ. ಆಷಾಢದ ರಾತ್ರಿ ಮಾಡಿನ ಮೇಲೆ ಒಂದೇ ಸಮನೆ ಹೊಯ್ಯುವ ಸದ್ದು, ಗುಡ್ಡ ಜರಿದೀತೆಂದು ಅಮ್ಮ ದೀಪ ಆರಿಸದೆ ಕೂರುತ್ತಿದ್ದದ್ದು, ಮಳೆ ನಿಂತ ಕ್ಷಣಕ್ಕೇ ಎಚ್ಚರವಾಗುತ್ತಿದ್ದದ್ದು, ಇದನ್ನೆಲ್ಲ ಇವರಿಗೆ ಬಿಡಿಸಿ ಹೇಳಿದ್ದು ಅಂದೇ. ಇಷ್ಟು ವರ್ಷ ಜೊತೆಗಿದ್ದೂ ಹೇಳಿರಲಿಲ್ಲ, ಕೇಳುವ ಸಂದರ್ಭ ಇವರಿಗೂ ಬಂದಿರಲಿಲ್ಲ. ಸಿನಿಮಾದಲ್ಲಿ ನಾಗಿ ತನ್ನ ರಟ್ಟೆಯ ಬಲದಿಂದ ಮನೆಯನ್ನು ಉಳಿಸಿಕೊಳ್ಳುತ್ತಾಳೆ. ಗಂಡ ಅದನ್ನು ದೇವರ ಕೃಪೆಗೆ ಸಲ್ಲಿಸಿಬಿಡುತ್ತಾನೆ. ಅದನ್ನು ಕಂಡಾಗ ಇವರು ನನ್ನ ಕಡೆ ತಿರುಗಿ, "ನಿಮ್ಮಮ್ಮ ಆ ರಾತ್ರಿಗಳಲ್ಲಿ ಇನ್ನೇನೇನು ಮಾಡ್ತಿದ್ರು, ಹೇಳು" ಎಂದರು. ಆ ಒಂದು ಪ್ರಶ್ನೆಗಾಗಿ ನಾನು ಡಿಸೋಜ ಅವರಿಗೂ ಕಾಸರವಳ್ಳಿಯವರಿಗೂ ಋಣಿ.

ಪುಸ್ತಕಕ್ಕೆ ಸಿನಿಮಾ ನಿಷ್ಠವಾಗಿರಬೇಕೇ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಇದಕ್ಕೆ ನಮಗೆ ಉತ್ತರ ಸಿಕ್ಕಿದ್ದು 'ಗುಲಾಬಿ ಟಾಕೀಸ್'ನಲ್ಲಿ. ವೈದೇಹಿಯವರ ಕತೆಯಲ್ಲಿ ಊರಿಗೆ ಟಾಕೀಸು ಬರುತ್ತದೆ, ಹೆಂಗಸರ ಲೋಕ ಅಲುಗಾಡುತ್ತದೆ. ಕಾಸರವಳ್ಳಿಯವರ ಸಿನಿಮಾದಲ್ಲಿ ಬರುವುದು ಸೂಲಗಿತ್ತಿ ಗುಲಾಬಿಯ ಮನೆಗೆ ಟಿವಿ, ಅದೂ ಕಾರ್ಗಿಲ್ ಯುದ್ಧದ ದಿನಗಳಲ್ಲಿ. ಕಾಲ ಬೇರೆ, ಸನ್ನಿವೇಶ ಬೇರೆ. ಆದರೂ ಹೆಂಗಸರು ಒಟ್ಟಿಗೆ ಕೂತು ಕತೆ ನೋಡುವಾಗ ಅವರೊಳಗೆ ಏಳುವ ಸಣ್ಣ ಸ್ವಾತಂತ್ರ್ಯವಿದೆಯಲ್ಲ, ಅದು ಎರಡರಲ್ಲೂ ಒಂದೇ. ಉಮಾಶ್ರೀಯವರ ಮುಖದಲ್ಲಿ ಆ ಬೆಳಕನ್ನು ನೋಡಿದ ಮೇಲೆ ಬದಲಾವಣೆಯ ಲೆಕ್ಕ ಹಾಕುವುದನ್ನು ನಾವು ಬಿಟ್ಟೆವು. ನಿರ್ದೇಶಕರೂ ನಮ್ಮಂತೆ ಒಬ್ಬ ಓದುಗರು. ಅವರಿಗೆ ಏನು ತಾಗಿತೋ ಅದನ್ನು ತೋರಿಸಿದ್ದಾರೆ. ಕೇಳಬೇಕಾದ್ದು ಅವರು ಮನಸ್ಸಿಟ್ಟು ಓದಿದ್ದಾರೆಯೇ ಎಂದಷ್ಟೆ.

ಹಾಗೆ ಓದಿದವರೇ ಸೇರಿ ಸಿನಿಮಾ ಮಾಡಿದ್ದೂ ಉಂಟು. 2023ರಲ್ಲಿ ತೆರೆಗೆ ಬಂದ 'ಡೇರ್‌ಡೆವಿಲ್ ಮುಸ್ತಾಫಾ'ಕ್ಕೆ ಹಣ ಹಾಕಿದ್ದು ತೇಜಸ್ವಿಯವರ ನೂರು ಮಂದಿ ಅಭಿಮಾನಿಗಳು. ಅದನ್ನು ನಾವು ಮನೆಯಲ್ಲಿ ನೋಡದೆ ಥಿಯೇಟರಿಗೇ ಹೋದೆವು. ಕತೆಯ ಊರಾದ ಅಬಚೂರಿನ ಹೆಸರು ಕೇಳಿದ್ದೇ ತಡ, ಸಾಲು ಸಾಲುಗಳಲ್ಲಿ ಜನ ಪಕ್ಕದವರ ಕಡೆ ತಿರುಗಿ ಏನೋ ಹೇಳುತ್ತಿದ್ದರು. ಕಾಲೇಜು ಹುಡುಗರು, ವಯಸ್ಸಾದವರು, ಮಕ್ಕಳನ್ನು ಕರೆತಂದವರು, ಎಲ್ಲರೂ ಕತೆಯನ್ನು ಮೊದಲೇ ಬಲ್ಲವರು. ಮುಂದೆ ಏನಾಗುತ್ತದೆಂದು ಗೊತ್ತಿದ್ದೇ ಅಷ್ಟು ಉತ್ಸಾಹದಿಂದ ಕಾಯುವ ಜನರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಸಿನಿಮಾ ಆಗದ ಪುಸ್ತಕಗಳ ಬಗ್ಗೆಯೂ ನಮ್ಮಲ್ಲಿ ಮಾತಿದೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು ಕಾರ್ನಾಡರು 1999ರಲ್ಲಿ ತೆರೆಗೆ ತಂದರು. ಆದರೆ ಅವರದೇ 'ಮಲೆಗಳಲ್ಲಿ ಮದುಮಗಳು' ಸಿನಿಮಾ ಆಗಲಿಲ್ಲ, ಮೈಸೂರಿನ ರಂಗಾಯಣದಲ್ಲಿ 2010ರಲ್ಲಿ ಅಹೋರಾತ್ರಿ ನಾಟಕವಾಯಿತು. ಬಯಲಿನಲ್ಲಿ ಒಂದು ರಂಗದಿಂದ ಇನ್ನೊಂದಕ್ಕೆ ಜನ ನಡೆಯುತ್ತ, ಬೆಳಗಾಗುವ ತನಕ ನೋಡಿದ ನಾಟಕ. ಅದು ಸಿನಿಮಾ ಆದರೆ ಗುತ್ತಿ ಯಾರು, ತಿಮ್ಮಿ ಯಾರು, ಐತ ಪೀಂಚಲು ಯಾರು ಎಂದು ನಾವು ಆಗಲೇ ಪಾತ್ರ ಹಂಚಿಕೆ ಶುರುಮಾಡಿದ್ದೇವೆ. ಚಿನ್ನಮ್ಮನ ವಿಷಯದಲ್ಲಿ ಇಬ್ಬರಿಗೂ ಒಮ್ಮತವಿಲ್ಲ. ಗುತ್ತಿಯ ನಾಯಿ ಹುಲಿಯನಿಗೆ ಯಾವ ನಾಯಿ ಸರಿಹೋದೀತು ಎಂಬುದು ಹೋದ ವಾರದ ಚರ್ಚೆ. ಇವರು ದುರ್ಗದ ಕಡೆಯ ಕುರಿಕಾಯುವ ನಾಯಿಯೇ ಆಗಬೇಕೆನ್ನುತ್ತಾರೆ. ಮಲೆನಾಡಿನ ಕಾಡಿಗೆ ಮಲೆನಾಡಿನ ನಾಯಿಯೇ ಬೇಕು ಎಂದು ನನ್ನ ಹಟ. ಯಾರಾದರೂ ಧೈರ್ಯ ಮಾಡಿ ಆ ಸಿನಿಮಾ ತೆಗೆಯಲಿ. ಅವರ ಗುತ್ತಿ, ಅವರ ಹುಲಿಯ ಹೇಗೇ ಇರಲಿ, ಮೊದಲ ದಿನದ ಮೊದಲ ಆಟಕ್ಕೆ ಎರಡು ಟಿಕೆಟ್ ನಮ್ಮವು. ಆ ವಾರಕ್ಕೆ ಕಾದಂಬರಿಯ ಒಂದು ಪ್ರತಿ ಸಾಲದು, ಇನ್ನೊಂದನ್ನು ಈಗಲೇ ತಂದಿಟ್ಟಿದ್ದೇವೆ.